ಆಗಸ್ಟಿನ ಬಿಸಿಲೂ ಏಪ್ರಿಲಿನ ಬಿಸಿಲೂ

ಎಳೆಬಿಸಿಲು, ಹೂಬಿಸಿಲು, ಸುಡುಬಿಸಿಲು, ರಣಬಿಸಿಲು ಎಂದೆಲ್ಲ ನಾವು ಬಿಸಿಲಿಗೆ ಹೆಸರಿಟ್ಟಿರುವುದು ಮೈಗೆ ತಾಗುವ ಕಾವನ್ನು ನೋಡಿ. ಆ ಕಾವನ್ನೇ ನಂಬಿಕೊಂಡಿದ್ದ ನಾನು ಏಪ್ರಿಲಿನಲ್ಲಿ ದುಪಟ್ಟಾ ಸುತ್ತಿಕೊಳ್ಳದೆ ಸ್ಕೂಟರ್ ಹತ್ತುತ್ತಿರಲಿಲ್ಲ. ಆಗಸ್ಟ್ ಬಂತೆಂದರೆ ಬರೀ ಮುಖದಲ್ಲಿ ಬೆಂಗಳೂರು ಸುತ್ತುತ್ತಿದ್ದೆ. ಎರಡೂ ಕೆನ್ನೆಗಳ ಮೇಲೆ ಬಂಗು ಕಾಣಿಸಿಕೊಂಡು ಚರ್ಮವೈದ್ಯರ ಮುಂದೆ ಕುಳಿತಾಗಲೂ, "ಬೇಸಿಗೆಯಲ್ಲಿ ನಾನು ಮುಖ ಮುಚ್ಚಿಕೊಳ್ಳದೆ ಹೊರಗೇ ಹೋಗುವುದಿಲ್ಲ, ಡಾಕ್ಟರೇ" ಎಂದು ಸ್ವಲ್ಪ ಜಂಬದಿಂದಲೇ ಹೇಳಿದ್ದೆ.

ಚರ್ಮಕ್ಕೆ ತೊಂದರೆ ಕೊಡುವ ಅತಿನೇರಳೆ ಕಿರಣ ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯಾಗಿಯೂ ತಿಳಿಯುವುದಿಲ್ಲ. ಅದರ ತೀವ್ರತೆ ಬಹುಮಟ್ಟಿಗೆ ಸೂರ್ಯ ಆಕಾಶದಲ್ಲಿ ಎಷ್ಟು ಎತ್ತರದಲ್ಲಿದ್ದಾನೆ ಎಂಬುದನ್ನು ಅವಲಂಬಿಸಿರುತ್ತದೆ, ಏಕೆಂದರೆ ನೆತ್ತಿಯ ಮೇಲಿನಿಂದ ಬರುವ ಕಿರಣ ಓಝೋನ್ ಪದರದಲ್ಲಿ ಕಡಿಮೆ ದೂರ ಹಾಯುವುದರಿಂದ ಹೆಚ್ಚು ಪಾಲು ಉಳಿದು ನೆಲ ಮುಟ್ಟುತ್ತದೆ. ಬೆಂಗಳೂರಿನಲ್ಲಿ ಸೂರ್ಯ ನೆಟ್ಟಗೆ ನೆತ್ತಿಗೇರುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ. ಶೂನ್ಯ ನೆರಳಿನ ದಿನವೆಂದು ಮಕ್ಕಳು ಬಾಟಲಿ ನಿಲ್ಲಿಸಿ ನೋಡುವುದು ಈ ದಿನಗಳನ್ನೇ. ದಟ್ಟ ಮೋಡ ಅತಿನೇರಳೆಯನ್ನು ತಡೆಯುತ್ತದೆ ನಿಜ, ಆದರೆ ತೆಳುಮೋಡ ಅದರ ಬಹುಪಾಲನ್ನು ಒಳಬಿಡುತ್ತದೆ. ಮೋಡ ಸರಿದ ಆ ಅರ್ಧ ಗಂಟೆಯಲ್ಲಂತೂ ಆಗಸ್ಟಿಗೂ ಏಪ್ರಿಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸಮುದ್ರಮಟ್ಟದಿಂದ ಏರಿದಂತೆ ಪ್ರತಿ 1000 ಮೀಟರಿಗೆ ಸುಮಾರು ಶೇ 10ರಷ್ಟು ಅತಿನೇರಳೆ ಹೆಚ್ಚುತ್ತದೆ. ನಮ್ಮ ಊರು 900 ಮೀಟರಿಗೂ ಮೇಲಿದೆ. ತಂಪು ಹವೆಯ ಊರೆಂಬ ಹೆಮ್ಮೆಗೆ ಇದೊಂದು ತೆರಿಗೆ.

ಅತಿನೇರಳೆಯ ತೀವ್ರತೆಯನ್ನು ಅಳೆದು ಹೇಳುವ ಯುವಿ (ಅಲ್ಟ್ರಾವಯಲೆಟ್) ಸೂಚ್ಯಂಕ 1992ರಲ್ಲಿ ಕೆನಡಾದಲ್ಲಿ ಬಳಕೆಗೆ ಬಂತು. ಈಗ ಫೋನಿನ ಹವಾಮಾನ ಪುಟದಲ್ಲಿಯೇ ಸಿಗುತ್ತದೆ. 2ರವರೆಗೆ ಚಿಂತೆಯಿಲ್ಲ, 3 ಮುಟ್ಟಿದರೆ ರಕ್ಷಣೆ ಬೇಕು, 8ರಿಂದ 10 ಅತಿ ಹೆಚ್ಚು, 11 ಮತ್ತು ಮೇಲ್ಪಟ್ಟದ್ದು ವಿಪರೀತ. ಫೋನ್ ಇಲ್ಲದಿದ್ದರೆ ನೆರಳು ಸಾಕು: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಪ್ರಬಲವಾಗಿದೆ ಎಂದರ್ಥ. ಕಳೆದ ಏಪ್ರಿಲಿನಲ್ಲಿ ಅಮ್ಮ ತಾರಸಿಯ ಮೇಲೆ ಸಂಡಿಗೆ ಒಣಹಾಕಿದ್ದಾಗ ಕಾಗೆ ಕಾಯುತ್ತ ನಿಂತು ಇದನ್ನು ನೋಡಿದೆ. ಒಂಬತ್ತೂವರೆಗೇ ನನ್ನ ನೆರಳು ನನಗಿಂತ ಗಿಡ್ಡವಾಯಿತು. ಅದು ಪಾದದಡಿಗೆ ಬಂದು ಸೇರಿದ್ದು ಹನ್ನೆರಡಕ್ಕಲ್ಲ, ಹನ್ನೆರಡೂ ಇಪ್ಪತ್ತರ ಹೊತ್ತಿಗೆ. ನಮ್ಮ ಗಡಿಯಾರ ನಡೆಯುವುದು ಬೆಂಗಳೂರಿಗಿಂತ ಪೂರ್ವದಲ್ಲಿರುವ ರೇಖಾಂಶದ ಲೆಕ್ಕದಲ್ಲಲ್ಲವೇ.

ಕಪ್ಪು ಮೈಬಣ್ಣದವರಿಗೆ ಸನ್‌ಸ್ಕ್ರೀನ್ ಬೇಡವೆಂಬ ಮಾತು ಅರ್ಧ ಸತ್ಯ. ಮೈಗೆ ಬಣ್ಣ ಕೊಡುವ ಮೆಲನಿನ್ ಚರ್ಮ ಸುಡದಂತೆ ಒಂದಷ್ಟು ಕಾಯುತ್ತದೆ, ಆದರೆ ಬಂಗಿನಂಥ ಕಲೆ ಮೂಡುವುದು ನಮ್ಮಂಥವರಲ್ಲೇ ಹೆಚ್ಚು. ನಾನು ಮಾಡುತ್ತಿದ್ದ ತಪ್ಪು ಪ್ರಮಾಣದ್ದು: ಕುಂಕುಮ ಇಟ್ಟಂತೆ ಅಲ್ಲೊಂದು ಇಲ್ಲೊಂದು ಚುಕ್ಕಿ ಇಟ್ಟು ಸವರುತ್ತಿದ್ದೆ. ಮುಖಕ್ಕೂ ಕುತ್ತಿಗೆಗೂ ಸೇರಿ ತೋರುಬೆರಳು, ನಡುಬೆರಳುಗಳ ಉದ್ದಕ್ಕೆ ಹಿಂಡಿದಷ್ಟು ಬೇಕು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ರಕ್ಷಣೆಯ ಅಳತೆಯಾಗಿ ಟ್ಯೂಬಿನ ಮೇಲಿರುವ ಎಸ್‌ಪಿಎಫ್ 30, ಅತಿನೇರಳೆಯಲ್ಲಿ ಚರ್ಮ ಸುಡುವ ಬಗೆಯಾದ ಯುವಿಬಿ ಕಿರಣದ ಸುಮಾರು ಶೇ 97ನ್ನು ತಡೆದರೆ 50 ತಡೆಯುವುದು ಶೇ 98ನ್ನು. ಆ ಒಂದು ಅಂಶಕ್ಕಾಗಿ ದುಬಾರಿ ಟ್ಯೂಬ್ ಕೊಂಡು ಜಿಪುಣತನದಿಂದ ಹಚ್ಚುವುದಕ್ಕಿಂತ 30ನ್ನೇ ಧಾರಾಳವಾಗಿ ಹಚ್ಚುವುದು ಮೇಲು. ಅತಿನೇರಳೆಯ ಇನ್ನೊಂದು ಬಗೆಯಾದ ಯುವಿಎ ಕಿರಣ ಕಿಟಕಿ ಗಾಜನ್ನೂ ದಾಟಿ ಬರುವುದರಿಂದ, ಆ ರಕ್ಷಣೆಯೂ ಇದೆಯೆಂಬ ಗುರುತನ್ನು ಟ್ಯೂಬಿನ ಮೇಲೆ ನೋಡಿಕೊಳ್ಳಬೇಕು. ಬಂಗು ಇರುವವರಿಗೆ ಕಬ್ಬಿಣದ ಆಕ್ಸೈಡ್ ಬೆರೆತ, ಮೈಬಣ್ಣದ ಸನ್‌ಸ್ಕ್ರೀನ್ ಇನ್ನೂ ಒಳ್ಳೆಯದು. ಕಲೆಯನ್ನು ಗಾಢವಾಗಿಸುವ ಕಣ್ಣಿಗೆ ಕಾಣುವ ಬೆಳಕನ್ನೂ ಅದು ತಡೆಯುತ್ತದೆ.

ನನ್ನ ಹಳೆಯ ದುಪಟ್ಟಾವನ್ನು ಒಮ್ಮೆ ಕಿಟಕಿಗೆ ಹಿಡಿದು ನೋಡಿದೆ. ಎದುರು ಮನೆಯ ಗ್ರಿಲ್ಲು ಎಣಿಸುವಷ್ಟು ಸ್ಪಷ್ಟವಾಗಿ ಕಂಡಿತು. ಈಗ ಒತ್ತಾಗಿ ನೇಯ್ದ ಗಾಢನೀಲಿಯದನ್ನು ಸುತ್ತಿಕೊಳ್ಳುತ್ತೇನೆ. ಆಗಸ್ಟಿನಲ್ಲಿ ಮಳೆ ನಿಂತು ಎಲ್ಲರೂ ಕೊಡೆ ಮಡಚುವಾಗ ನಾನು ಬ್ಯಾಗಿನಿಂದ ನನ್ನದನ್ನು ತೆಗೆದು ಬಿಚ್ಚುತ್ತೇನೆ.