ಬೆರಳಿನ ಹಳದಿ ಕಲೆ

ಸಿಗರೇಟು ಬಿಟ್ಟು ಏಳು ತಿಂಗಳಾಯಿತು. ಬಲಗೈ ತೋರುಬೆರಳಿನ ಹಳದಿ ಕಲೆ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಈಗ ತಾನಾಗಿಯೇ ಮಾಯವಾಗಿದೆ.

ಹದಿನಾಲ್ಕು ವರ್ಷ ಸೇದಿದವನು ನಾನು. ಅಪಾಯ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಪ್ಯಾಕಿನ ಮೇಲಿನ ಚಿತ್ರ ಕಾಣದ ಹಾಗೆ ಅದನ್ನು ಬೋರಲು ಹಾಕಿಡುತ್ತಿದ್ದೆ. ಅಂಥ ದೊಡ್ಡ ಎಚ್ಚರಿಕೆ ಚಿತ್ರಗಳನ್ನು ಮೊದಲು ತಂದದ್ದು ಕೆನಡಾ, 2001ರಲ್ಲಿ. ಅದರಿಂದೇನೂ ಆಗಲ್ಲ ಅಂತ ವಾದ ಮಾಡುತ್ತಿದ್ದೆ. ಏನೂ ಆಗದಿದ್ದರೆ ಬೋರಲು ಯಾಕೆ ಹಾಕಬೇಕಿತ್ತು, ಅಲ್ವಾ?

ಬಿಟ್ಟ ಮೇಲೆ ಕೆಮ್ಮು ಜಾಸ್ತಿಯಾಯಿತು. ಹೆದರಿಬಿಟ್ಟೆ. ಡಾಕ್ಟರು ನಕ್ಕರು. ಉಸಿರುನಾಳದೊಳಗೆ ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ಸಣ್ಣ ರೋಮಗಳಿರುತ್ತವೆ. ಹೊಗೆ ಅವನ್ನು ಮಲಗಿಸಿತ್ತು, ಈಗ ಎದ್ದು ಕಸ ಗುಡಿಸುತ್ತಿವೆ ಅಂದರು.

ತೀರಾ ಕಷ್ಟವಾದದ್ದು ಮೊದಲ ಮೂರು ದಿನ. ಒಂದು ದಮ್ಮು ಎಳೆದರೆ ನಿಕೋಟಿನ್ ಮಿದುಳು ಮುಟ್ಟಲು 10-20 ಸೆಕೆಂಡ್ ಸಾಕು. ಅದಕ್ಕೇ ಈ ಪರಿ ಹಿಡಿತ. ಸುಮ್ಸುಮ್ನೆ ಎಲ್ಲರ ಮೇಲೂ ರೇಗಾಡಿದೆ. ಆಸೆ ಬಂದಾಗ ಐದು ನಿಮಿಷ ತಡೆದುಕೊಳ್ಳಿ, ಅಷ್ಟೇ ಅಂದಿದ್ದರು ಡಾಕ್ಟರು. ಮಗಳು ಗಡಿಯಾರ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು. "ಅಪ್ಪಾ, ಇನ್ನೂ ಎರಡು."

ಒಂದು ವರ್ಷ ದಾಟಿದರೆ ಹೃದಯದ ಕಾಯಿಲೆಯ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನನಗೆ ಇನ್ನೈದು ತಿಂಗಳು.

ನಿನ್ನೆ ಹಳೇ ಅಂಗಿಯ ಜೇಬಲ್ಲಿ ಒಂದು ಸಿಗರೇಟು ಸಿಕ್ಕಿತು. ಮೂಸಿ ನೋಡಿದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಪುಡಿ ಮಾಡಿ ಕಸದ ಬುಟ್ಟಿಗೆ ಹಾಕಿದೆ.