ಕ್ಯಾಂಪ್‌ನ ಪಿಯಾನೊ, ನನ್ನ 92 ಬಿಪಿಎಂ

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಜಾಹೀರಾತಿನ ಕೆಲಸದಿಂದ ಬಾಡಿಗೆ ಹುಟ್ಟುತ್ತದೆ, ಉಳಿದ ಹೊತ್ತಲ್ಲಿ ನನ್ನ ಎಲೆಕ್ಟ್ರಾನಿಕ್ ಟ್ರ್ಯಾಕ್‌ಗಳನ್ನು ಮಾಡುತ್ತೇನೆ. ಹೋದ ಮಳೆಗಾಲದಲ್ಲಿ ಇದೇ ಊರಿನ ಕ್ಯಾಂಪ್ ಬಡಾವಣೆಯ ಒಬ್ಬ ಪಿಯಾನೊ ಟೀಚರ್ ಜೊತೆ ಸೇರಿ ನಾಲ್ಕು ಟ್ರ್ಯಾಕ್ ಮಾಡಲು ಕೂತೆ. ಅವರ ಮನೆಯಲ್ಲಿ ಅಜ್ಜನ ಕಾಲದ ಅಪ್‌ರೈಟ್ ಪಿಯಾನೊ ಇದೆ. ಮೈಕುಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಬೈಕ್ ಮೇಲೆ ಕಟ್ಟಿಕೊಂಡು ಹೋಗಿ ಅಲ್ಲೇ ರೆಕಾರ್ಡ್ ಮಾಡಿದೆ.

ತಪ್ಪು ಶುರುವಾಗಿದ್ದು ಅಲ್ಲಿಂದಲೇ. ಟೀಚರ್‌ಗೆ ಹೆಡ್‌ಫೋನ್ ಹಾಕಿ 92 ಬಿಪಿಎಂ ಕ್ಲಿಕ್ ಕೊಟ್ಟೆ, ಅಂದರೆ ನಿಮಿಷಕ್ಕೆ 92 ಸಲ ತಾಳ ತಟ್ಟುವ ಟಿಕ್ ಟಿಕ್ ಸದ್ದು. ಪಾಪ, ಅವರು ಅದಕ್ಕೆ ಅಂಟಿಕೊಂಡೇ ಬಾರಿಸಿದರು. ಅದೂ ಸಾಲದು ಅಂತ ರಾತ್ರಿಯೆಲ್ಲ ಕೂತು ಮೆಲೊಡೈನ್ ಎಂಬ ಸಾಫ್ಟ್‌ವೇರ್‌ನಲ್ಲಿ ಸ್ವರಗಳನ್ನು ಬಿಡಿಸಿ, ಒಂದೊಂದನ್ನೂ ಗ್ರಿಡ್‌ಗೆ, ಅಂದರೆ ತಾಳದ ಗೆರೆಗಳಿಗೆ, ಎಳೆದು ಕೂರಿಸಿದೆ. ಎಡಗೈ ಸ್ವರಗಳು ಕಿಕ್ ಡ್ರಮ್ ಜೊತೆ ಗುದ್ದಾಡುತ್ತಿದ್ದವು, ಪಿಯಾನೊದಲ್ಲಿ 150 ಹರ್ಟ್ಜ್ ಕೆಳಗಿನ ತಗ್ಗು ದನಿಯನ್ನೆಲ್ಲ ಕತ್ತರಿಸಿದೆ. ಪೆಡಲ್ ಸದ್ದನ್ನೂ ಅಳಿಸಿದೆ.

ಟೀಚರ್ ಎರಡು ನಿಮಿಷ ಕೇಳಿ ಹೆಡ್‌ಫೋನ್ ತೆಗೆದರು. "ಚಲೋ ಐತ್ರಿ. ಆದ್ರ ಇದು ನಾ ಬಾರಿಸಿದ್ದಲ್ಲ."

ಸ್ಟುಡಿಯೊಗೆ ಬಂದು ಮೂಲ ಫೈಲ್ ತೆರೆದೆ. ನಾಲ್ಕು ಸ್ವರ ಒಟ್ಟಿಗೆ ಒತ್ತುವ ಒಂದೇ ಒಂದು ಕಾರ್ಡ್ ಹಿಡಿದು ದೊಡ್ಡದು ಮಾಡಿ ನೋಡಿದೆ. ಕೆಳಗಿನ ಸ್ವರ ಮೊದಲು ಬಂದಿತ್ತು, ಮೇಲಿನದು ಸುಮಾರು 30 ಮಿಲಿಸೆಕೆಂಡ್ ತಡವಾಗಿ. ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ ಅದು. ಆದರೆ ಆ ತಡದಿಂದಲೇ ಮೇಲಿನ ಸ್ವರ ಗುಂಪಿನಿಂದ ಹೊರಬಂದು ಹಾಡುತ್ತಿತ್ತು. ನಾನು ನಾಲ್ಕನ್ನೂ ಒಂದೇ ಗೆರೆಗೆ ತಂದು ಆ ಹಾಡನ್ನೇ ತೆಗೆದುಹಾಕಿದ್ದೆ.

ಪೇಟಿ (ಹಾರ್ಮೋನಿಯಂ) ವಾದಕ ರಾಮಭಾವು ವಿಜಾಪುರೆಯವರು ಕಲಿಸಿದ ಊರು ಇದು. ಇಲ್ಲಿ ಬೈಠಕ್‌ಗಳಲ್ಲಿ ಪೇಟಿಯ ಸಾಥ್ ಕೇಳುತ್ತಾ ಬೆಳೆದವನು ನಾನು. ಹಾಡುವವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಪೇಟಿಯೂ ನಿಲ್ಲುತ್ತದೆ, ಅವರು ಮುಗಿಸಿದ ಜಾಗವನ್ನು ಹಿಡಿದುಕೊಂಡು ಮುಂದೆ ಹೋಗುತ್ತದೆ. ನನ್ನ ಲ್ಯಾಪ್‌ಟಾಪ್ ಮಾಡಬೇಕಾಗಿದ್ದ ಕೆಲಸವೂ ಅದೇ ಅಲ್ವಾ?

ಎರಡನೇ ಸಲ ಕ್ಲಿಕ್ ಇಲ್ಲ. ಟೀಚರ್ ತಮ್ಮ ಪಾಡಿಗೆ ಬಾರಿಸಿದರು. ಆಮೇಲೆ ನಾನು ಬೀಟ್ ತಟ್ಟುತ್ತಾ ಟೆಂಪೊ ಮ್ಯಾಪ್, ಅಂದರೆ ಅವರ ವೇಗದ ನಕ್ಷೆ, ಮಾಡಿದೆ. 86ರಿಂದ 94 ಬಿಪಿಎಂವರೆಗೆ ಏರಿಳಿದಿತ್ತು. ಡ್ರಮ್ಸ್ ಅದನ್ನೇ ಹಿಂಬಾಲಿಸಿದವು.

ಶ್ರುತಿಯದೂ ಇದೇ ಕತೆ. ಆ ಪಿಯಾನೊದ 'ಎ' ಸ್ವರ ಈಗಿನ ರೂಢಿಯ 440 ಹರ್ಟ್ಜ್‌ಗೆ ಇಲ್ಲ, 435ರ ಹತ್ತಿರ ಇದೆ. ಮೊದಲು ಪಿಯಾನೊವನ್ನು ಸಾಫ್ಟ್‌ವೇರ್‌ನಲ್ಲಿ ಮೇಲೆತ್ತಿದ್ದೆ, ಅದರ ಮರದ ದನಿ ತೆಳ್ಳಗಾಗಿತ್ತು. ಈಗ ಸಿಂಥ್‌ಗಳನ್ನೇ (ನನ್ನ ಎಲೆಕ್ಟ್ರಾನಿಕ್ ವಾದ್ಯಗಳನ್ನು) 20 ಸೆಂಟ್, ಅಂದರೆ ಅರ್ಧ ಸ್ವರದ ಐದನೇ ಒಂದು ಪಾಲು, ಇಳಿಸುತ್ತೇನೆ. ಇದೂ ಎಲ್ಲ ದಿನ ಒಂದೇ ಇರುವುದಿಲ್ಲ. ನಮ್ಮ ಮಳೆಗೆ ಸೌಂಡ್‌ಬೋರ್ಡ್‌ನ (ತಂತಿಗಳ ನಾದವನ್ನು ದೊಡ್ಡದು ಮಾಡುವ ಹಲಗೆಯ) ಮರ ತೇವ ಹೀರಿ ಉಬ್ಬುತ್ತದೆ, ತಂತಿಗಳು ಬಿಗಿಯಾಗುತ್ತವೆ, ಶ್ರುತಿ ಏರುತ್ತದೆ. ಬೇಸಿಗೆಯಲ್ಲಿ ಇಳಿಯುತ್ತದೆ. ಆಗಸ್ಟ್‌ನ ರೆಕಾರ್ಡಿಂಗ್‌ಗೆ ಮಾರ್ಚ್‌ನದನ್ನು ಜೋಡಿಸಲು ಹೋಗಿ ಒಂದು ವಾರ ಹಾಳು ಮಾಡಿಕೊಂಡೆ. ಅದಕ್ಕೇ ಈಗ ಪ್ರತಿ ದಿನ ಮೊದಲು 'ಎ' ಒಂದನ್ನೇ ರೆಕಾರ್ಡ್ ಮಾಡಿಕೊಳ್ಳುತ್ತೇನೆ.

ಆ ದಿನಗಳಲ್ಲಿ ಜಪಾನಿನ ಪಿಯಾನೊ ವಾದಕ ರ್ಯೂಯಿಚಿ ಸಕಾಮೊಟೊ ಮತ್ತು ಜರ್ಮನಿಯ ಎಲೆಕ್ಟ್ರಾನಿಕ್ ಸಂಗೀತಗಾರ ಕಾರ್ಸ್ಟನ್ ನಿಕೊಲಾಯ್ ಒಟ್ಟಿಗೆ ಮಾಡಿದ್ದನ್ನು ಜಾಸ್ತಿ ಕೇಳುತ್ತಿದ್ದೆ. 2002ರಿಂದ 2011ರೊಳಗೆ ಐದು ರೆಕಾರ್ಡ್ ತಂದರು ಅವರು. ಪಿಯಾನೊ ಬಿಟ್ಟ ಜಾಗದಲ್ಲಿ ಒಂದು ಸಣ್ಣ ಟಿಕ್, ತೆಳ್ಳಗಿನ ಒಂದು ಸೈನ್ ವೇವ್ (ಒಂದೇ ಶುದ್ಧ ನಾದ), ಅಷ್ಟೇ. ಖಾಲಿ ಜಾಗಕ್ಕೆ ಕಾಯುವುದನ್ನು ನಾನು ಅಲ್ಲಿ ಕಲಿತೆ.

ಹೊಸ ಮಿಕ್ಸ್‌ನಲ್ಲಿ ಪೆಡಲ್ ಸದ್ದು ಹಾಗೇ ಇದೆ, ಹೊರಗಿನ ಮಳೆಯೂ ಇದೆ. ಕಳಿಸಿದ ದಿನ ಟೀಚರ್ ಏನೂ ಹೇಳಲಿಲ್ಲ. ಮರುದಿನ ನಾಲ್ಕನೇ ಟ್ರ್ಯಾಕನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕಳಿಸಿದರು. ಎಡಗೈಯನ್ನು ತಾವೇ ಒಂದು ಆಕ್ಟೇವ್ ಮೇಲೆ ಒಯ್ದಿದ್ದರು. ಕೆಳಗೆ ಕಿಕ್‌ಗೆ ಜಾಗ ಖಾಲಿ ಇತ್ತು.