ಮೋಸಂಬಿ ಸಿಪ್ಪೆಯಲ್ಲಿ ಜೆಲ್ಲಿ ಶಾಟ್, ನಿಂಬೆ ಸಿಪ್ಪೆಯಲ್ಲಿ ಪಾನಕ

ಜೆಲ್ಲಿ ಶಾಟ್, ಅಂದರೆ ಮದ್ಯ ಬೆರೆಸಿದ ಜೆಲ್ಲಿ ತುಂಡು, ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ, ಯಾವ ಎಣ್ಣೆ ಹಾಕಿದ್ರಿ ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಹಣ್ಣು ಯಾವುದು, ಅದನ್ನು ಗಟ್ಟಿ ಮಾಡೋದು ಯಾವುದು, ಇವೆರಡು ಸರಿಯಾಗಿದ್ದರೆ ಬಾಟಲಿ ಯಾವುದಾದರೂ ನಡೆಯುತ್ತದೆ. ವೋಡ್ಕಾ ಇದ್ದರೆ ವೋಡ್ಕಾ, ಬಿಳಿ ರಮ್ ಇದ್ದರೆ ಅದೇ.

ಏಪ್ರಿಲ್ ಕೊನೆಗೆ ನನ್ನ ಮೈದುನನ ಹುಟ್ಟುಹಬ್ಬ. ಪಾರ್ಟಿ ಯಾವಾಗಲೂ ಬನಶಂಕರಿಯ ನಮ್ಮ ಬಾಡಿಗೆ ಮನೆಯ ತಾರಸಿ ಮೇಲೆ. "ಅತ್ತಿಗೆ, ಈ ಸಲ ಜೆಲ್ಲಿ ಶಾಟ್ಸ್ ಇರಲೇಬೇಕು, ಆಫೀಸಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ" ಅಂದ. ಹೇಳೋದು ಅವನು, ಮಾಡೋದು ನಾನು. ಬರುವವರಲ್ಲಿ ಕುಡಿಯುವವರೂ ಇದ್ದಾರೆ, ವಾಸನೆ ಕಂಡರಾಗದವರೂ ಇದ್ದಾರೆ. ಮಕ್ಕಳು ಬೇರೆ. ಇನ್ನು ಕೆಳಗಡೆ ಮನೆ ಓನರ್ ಆಂಟಿ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವುದಿಲ್ಲ. ಅವರದೇ ತಾರಸಿ, ಅವರನ್ನು ಬಿಟ್ಟು ತಿನ್ನೋಕಾಗುತ್ತಾ?

ಹಾಗಾಗಿ ಜೆಲ್ಲಿ ಗಟ್ಟಿ ಮಾಡೋಕೆ ಜೆಲಾಟಿನ್ ಬೇಡ ಅಂತ ಮೊದಲೇ ತೀರ್ಮಾನವಾಯಿತು. ಅದನ್ನು ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುತ್ತಾರೆ. ಆದರೆ ನಿಜ ಹೇಳಬೇಕಂದ್ರೆ, ಆಂಟಿ ಇಲ್ಲದಿದ್ದರೂ ನಮ್ಮೂರಿನ ಬೇಸಿಗೆಗೆ ನಾನು ಜೆಲಾಟಿನ್ ತರುತ್ತಿರಲಿಲ್ಲ. ಅದು 30 ಡಿಗ್ರಿ ದಾಟಿತೆಂದರೆ ಮೆತ್ತಗಾಗಿ ಕರಗೋಕೆ ಶುರು. ಬಾಯಲ್ಲಿ ಹಿತವಾಗಿ ಕರಗೋದು ಅದಕ್ಕೇ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡ ಊರು. ಸಂಜೆ ಐದಕ್ಕೆ ತಾರಸಿಯ ನೆಲಕ್ಕೆ ಬರಿಗಾಲು ಇಡೋಕಾಗಲ್ಲ. ಜೊತೆಗೆ ಕರೆಂಟ್ ಹೋಗಿ ಫ್ರಿಜ್ ನಿಂತರೆ ಮುಗೀತು, ತಟ್ಟೆಯಲ್ಲಿ ಉಳಿಯುವುದು ಷರಬತ್ತು.

ನಾನು ಬಳಸುವುದು ಚೀನಾ ಗ್ರಾಸ್. ದಿನಸಿ ಅಂಗಡಿಯಲ್ಲಿ ಎಳೆ ಎಳೆಯಾಗಿಯೂ ಸಿಗುತ್ತದೆ, ಪುಡಿಯೂ ಸಿಗುತ್ತದೆ. ಸಮುದ್ರದ ಕೆಂಪು ಪಾಚಿಯಿಂದ ಮಾಡುವುದು. ಇದು 40 ಡಿಗ್ರಿಯ ಆಸುಪಾಸಿಗೆ ಇಳಿದರೆ ಗಟ್ಟಿಯಾಗುತ್ತದೆ, ಆದರೆ ಮತ್ತೆ ಕರಗಬೇಕಾದರೆ 85 ಡಿಗ್ರಿ ಬೇಕು. ಅಂದರೆ ಫ್ರಿಜ್ ಇಲ್ಲದೆಯೂ ಕೂರುತ್ತದೆ, ತಾರಸಿಯ ಬಿಸಿಲಿಗೂ ಜಗ್ಗಲ್ಲ. 1880ರ ದಶಕದ ಶುರುವಿನಲ್ಲಿ ಜರ್ಮನಿಯ ವಿಜ್ಞಾನಿ ವಾಲ್ತರ್ ಹೆಸ್ಸೆಗೂ ಇದೇ ತಲೆನೋವು. ಬ್ಯಾಕ್ಟೀರಿಯಾ ಬೆಳೆಸೋಕೆ ಇಟ್ಟ ಜೆಲಾಟಿನ್ ಬಿಸಿಗೆ ಕರಗಿ ನೀರಾಗುತ್ತಿತ್ತು. "ಚೀನಾ ಗ್ರಾಸ್ ಹಾಕಿದ ನನ್ನ ಜೆಲ್ಲಿ ಮಾತ್ರ ಬೇಸಿಗೆಯಲ್ಲೂ ಹೇಗೆ ಗಟ್ಟಿಯಾಗಿರುತ್ತೆ ನೋಡಿ, ಅದನ್ನೇ ಹಾಕಿ" ಅಂತ ದಾರಿ ತೋರಿಸಿದ್ದು ಅವರ ಹೆಂಡತಿ ಫ್ಯಾನಿ. ಇವತ್ತಿಗೂ ಪ್ರಪಂಚದ ಲ್ಯಾಬುಗಳಲ್ಲಿ ಇರುವುದು ಆ ಅಡುಗೆಮನೆಯ ಚೀನಾ ಗ್ರಾಸೇ. ನನಗೆ ಈ ಕಥೆ ತುಂಬಾ ಇಷ್ಟ, ಮೈದುನನಿಗೆ ಪ್ರತಿ ವರ್ಷ ಹೇಳುತ್ತೀನಿ.

ಒಂದು ಕೊರತೆ ಇದೆ, ಮುಚ್ಚಿಡೋದು ಬೇಡ. ಜೆಲಾಟಿನ್ ಥರ ಇದು ಬಳುಕುವುದಿಲ್ಲ, ಬಾಯಲ್ಲಿ ಕರಗುವುದೂ ಇಲ್ಲ. ಹಲ್ಲಿಗೆ ಸಿಕ್ಕಿ ತುಂಡಾಗುತ್ತದೆ. ಕೆಲವರಿಗೆ ಅದು ಹಿಡಿಸಲ್ಲ. ಪುಡಿ ಸ್ವಲ್ಪ ಕಮ್ಮಿ ಹಾಕಿದರೆ ಹದ ಮೆತ್ತಗೆ ಬರುತ್ತದೆ.

ಈಗ ಹಣ್ಣಿನ ಮಾತು. ಕೊಡಗಿನ ಕಿತ್ತಳೆಯಲ್ಲಿ ಮಾಡುವ ಆಸೆ ನನಗೆ, ಆದರೆ ಅದು ಚಳಿಗಾಲದ ಹಣ್ಣು. ದೇವನಹಳ್ಳಿ ಚಕ್ಕೋತದ ತೊಳೆ ಚೆಂದ, ಸಿಪ್ಪೆ ಬಟ್ಟಲು ಮಾಡೋಕೆ ವಿಪರೀತ ದಪ್ಪ. ಹಾಗಾಗಿ ಗಾಂಧಿ ಬಜಾರಿನಿಂದ ಮೋಸಂಬಿ. ತೆಳು ಸಿಪ್ಪೆಯದು, ಕೈಯಲ್ಲಿ ಹಿಡಿದರೆ ಭಾರ ಅನ್ನಿಸುವಂಥದ್ದು. ಮೋಸಂಬಿಗೆ ಒಂದು ಕೆಟ್ಟ ಗುಣ ಇದೆ, ರಸ ಹಿಂಡಿಟ್ಟರೆ ಹೊತ್ತು ಹೋದ ಹಾಗೆ ಕಹಿಯಾಗುತ್ತದೆ. ಬೀಜ, ಬಿಳಿ ಪೊರೆ ಸಮೇತ ಮಿಕ್ಸಿಗೆ ಹಾಕಿದರಂತೂ ಕೇಳಲೇಬೇಡಿ. ಅದಕ್ಕೇ ಒಲೆ ಮೇಲೆ ಚೀನಾ ಗ್ರಾಸ್ ಇಟ್ಟ ಮೇಲೆಯೇ ಹಿಂಡಬೇಕು, ಕೈಯಲ್ಲೇ ಹಿಂಡಬೇಕು. ಅದಕ್ಕೆ ಹುಳಿಯೂ ಕಮ್ಮಿ, ಆದ್ದರಿಂದ ಒಂದೆರಡು ನಿಂಬೆಹಣ್ಣು ಜೊತೆಗಿರಲೇಬೇಕು.

ಹಣ್ಣನ್ನು ತೊಳೆದು, ಎರಡು ಮೋಸಂಬಿಯ ಹೊರಸಿಪ್ಪೆಯನ್ನು ಮಾತ್ರ ಸಣ್ಣಗೆ ತುರಿದು, ಸಕ್ಕರೆ ಜೊತೆ ಬೆರಳಲ್ಲಿ ಉಜ್ಜಿ. ಸಕ್ಕರೆ ತೇವವಾಗಿ ಘಮ್ಮೆನ್ನುತ್ತದೆ. ಪರಿಮಳವೆಲ್ಲ ಆ ಸಿಪ್ಪೆಯ ಎಣ್ಣೆಯಲ್ಲೇ ಇರೋದು. ಆಮೇಲೆ ಹಣ್ಣುಗಳನ್ನು ಅಡ್ಡಕ್ಕೆ ಅರ್ಧ ಮಾಡಿ. ರಸ ಹಿಂಡುವಾಗ ಸಿಪ್ಪೆ ಹರಿಯಬಾರದು. ಒಳಗಿನ ತೊಳೆಯನ್ನು ಚಮಚದಲ್ಲಿ ಕಿತ್ತು ತೆಗೆಯಿರಿ, ಆದರೆ ಪೂರ್ತಿ ನುಣ್ಣಗೆ ಕೆರೆಯಬೇಡಿ. ಅಲ್ಲಲ್ಲಿ ನಾರು ಉಳಿದಿದ್ದರೆ ಜೆಲ್ಲಿ ಅದನ್ನು ಹಿಡಿದುಕೊಳ್ಳುತ್ತದೆ, ಇಲ್ಲದಿದ್ದರೆ ಕತ್ತರಿಸುವಾಗ ಸಿಪ್ಪೆ ಒಂದು ಕಡೆ, ಜೆಲ್ಲಿ ಒಂದು ಕಡೆ. ಈ ಬಟ್ಟಲುಗಳು ಉರುಳದ ಹಾಗೆ ನಿಲ್ಲಿಸೋಕೆ ಮನೆಯಲ್ಲಿರುವ ಕಾಫಿ ಲೋಟಗಳೇ ಸಾಕು. ಒಂದೊಂದು ಲೋಟದ ಬಾಯಿಗೆ ಒಂದೊಂದು ಸಿಪ್ಪೆ, ಸರಿಯಾಗಿ ಕೂರುತ್ತದೆ. ನಿಂಬೆ ಸಿಪ್ಪೆಗೆ ಪಡ್ಡಿನ ಕಾವಲಿ. ಅದರ ಗುಳಿಗಳು ಇದಕ್ಕೇ ಮಾಡಿಸಿದ ಹಾಗಿವೆ.

ಅಳತೆ ಹೀಗೆ. ಕಾಲು ಲೀಟರ್ ನೀರಿಗೆ ಎರಡು ಟೀ ಚಮಚ ಚೀನಾ ಗ್ರಾಸ್ ಪುಡಿ ಕದಡಿ, ಕುದಿ ಬಂದ ಮೇಲೆ ಮೂರು ನಾಲ್ಕು ನಿಮಿಷ ಬಿಡಬೇಕು. ಕಾಳು ಕಾಳು ಏನೂ ಕಾಣಬಾರದು. ಆ ಸಕ್ಕರೆ 80 ಗ್ರಾಂ ಹಾಕಿ ಕರಗಿಸಿ, ಒಲೆ ಆರಿಸಿ. ಆಮೇಲೆ ರಸ, ಎಲ್ಲ ಸೇರಿ 200 ಎಂಎಲ್. ರಸ ಹಾಕಿ ಕುದಿಸಲೇಬಾರದು. ಹುಳಿ ಜೊತೆ ಕುದಿದರೆ ಚೀನಾ ಗ್ರಾಸಿನ ಶಕ್ತಿ ಕುಂದುತ್ತದೆ, ಹಣ್ಣಿನ ತಾಜಾ ರುಚಿಯೂ ಹೋಗುತ್ತದೆ. ಫ್ರಿಜ್ಜಿನಿಂದ ತೆಗೆದ ತಣ್ಣನೆ ರಸವೂ ಬೇಡ, ಬಿದ್ದ ಕಡೆಯೇ ಗಂಟು ಕಟ್ಟುತ್ತದೆ. ಕಟ್ಟಕಡೆಗೆ ಒಂದು ಕ್ವಾರ್ಟರ್, ಅಂದರೆ 180 ಎಂಎಲ್ ವೋಡ್ಕಾ. ಟೀ ಜರಡಿಯಲ್ಲಿ ಸೋಸುತ್ತಾ ಬಟ್ಟಲುಗಳಿಗೆ ಅಂಚಿನವರೆಗೆ ತುಂಬಿಸಿ. ಇಲ್ಲಿ ಫೋನ್ ಎತ್ತಬಾರದು, ನೋಡನೋಡುತ್ತಾ ಪಾತ್ರೆಯಲ್ಲೇ ಕಟ್ಟಿಕೊಳ್ಳುತ್ತದೆ.

ಗಟ್ಟಿಯಾದ ಮೇಲೆ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಪ್ರತಿ ಅರ್ಧವನ್ನು ಮೂರು ಹೋಳು ಮಾಡಿ. ಹರಿತವಾದ ಚಾಕುವನ್ನು ನೇರ ಒತ್ತಬೇಕು, ಗರಗಸದ ಹಾಗೆ ಎಳೆಯಬಾರದು. ಹಿಂದಿನ ದಿನವೇ ಕತ್ತರಿಸಿಟ್ಟರೆ ನೀರು ಬಿಟ್ಟುಕೊಳ್ಳುತ್ತದೆ. ಕೊಡುವ ಮುಂಚೆ ಮೇಲೆ ಚಿಟಿಕೆ ಉಪ್ಪು, ಖಾರದ ಪುಡಿ. ಇದು ಬೇಕೇ ಬೇಕು.

ಲೆಕ್ಕ ಹಾಕಿದರೆ ನಾಲ್ಕೈದು ಹೋಳಿಗೆ ಒಂದು ಸ್ಮಾಲ್ ಪೆಗ್, ಅಂದರೆ 30 ಎಂಎಲ್. ಕಮ್ಮಿ ಅನ್ನಿಸುತ್ತೆ ಅಲ್ವಾ? ಆದರೆ ಹೋಳು ತಿನ್ನುವವರು ಲೆಕ್ಕ ಇಡಲ್ಲ. 1862ರಲ್ಲಿ ಅಮೆರಿಕದ ಬಾರ್‌ಟೆಂಡರ್ ಜೆರ್ರಿ ಥಾಮಸ್ ಬರೆದ ಪುಸ್ತಕದಲ್ಲೇ ಪಂಚ್ ಜೆಲ್ಲಿ ಅಂತ ಇಂಥದ್ದೇ ಎಣ್ಣೆ ಜೆಲ್ಲಿ ಇದೆ. ಅದನ್ನು ಗಟ್ಟಿ ಮಾಡುತ್ತಿದ್ದದ್ದು ಮೀನಿನ ಗಾಳಿಚೀಲದಿಂದ ತೆಗೆದ ಅಂಟಿನಲ್ಲಿ. ಜೆಲ್ಲಿಯೊಳಗೆ ಎಣ್ಣೆಯ ಖದರು ಗೊತ್ತಾಗಲ್ಲ, ಮಿತಿಯಲ್ಲಿ ತಿನ್ನಿ, ಇಲ್ಲದಿದ್ದರೆ ಊಟದ ಮೇಲೆ ಡ್ಯಾನ್ಸ್ ಮಾಡೋಕಾಗಲ್ಲ ಅಂತ ಆಗಲೇ ಎಚ್ಚರಿಸಿದ್ದಾರೆ. ನಮ್ಮಲ್ಲಿ ಡ್ಯಾನ್ಸಿಗಿಂತ ಸ್ಕೂಟರಿನ ಚಿಂತೆ. ಎಣ್ಣೆ ಟ್ರೇ ಮುಟ್ಟಿದವರ ಕೀ ನಮ್ಮ ಅತ್ತೆಯ ಡಬ್ಬಿಗೆ ಹೋಗುತ್ತದೆ. ಅವರ ಹತ್ತಿರ ವಾದ ಮಾಡುವ ಧೈರ್ಯ ಯಾರಿಗೂ ಇಲ್ಲ.

ಮಕ್ಕಳು ಗೊಂದಲ ಮಾಡಿಕೊಳ್ಳದಿರಲಿ ಅಂತ ಮನೆಯಲ್ಲಿ ಒಂದು ನಿಯಮ. ಮೋಸಂಬಿ ಸಿಪ್ಪೆ ಅಂದರೆ ಎಣ್ಣೆ, ನಿಂಬೆ ಸಿಪ್ಪೆ ಅಂದರೆ ಪಾನಕ. ಹೌದು, ರಾಮನವಮಿ ಪಾನಕವೇ. ಬೆಲ್ಲ ಕರಗಿಸಿ, ಮರಳು ಇರುತ್ತೆ, ಸೋಸಿ. ಶುಂಠಿ, ಏಲಕ್ಕಿ, ಎರಡು ಕಾಳು ಮೆಣಸಿನ ಪುಡಿ. ಒಂದು ಲೋಟಕ್ಕೆ ಒಂದು ಟೀ ಚಮಚ ಚೀನಾ ಗ್ರಾಸ್ ಕುದಿಸಿ, ಕೆಳಗಿಳಿಸಿ ನಿಂಬೆರಸ. ಪ್ರಾಮಾಣಿಕವಾಗಿ ಹೇಳ್ತೀನಿ, ಎರಡರಲ್ಲಿ ರುಚಿ ಜಾಸ್ತಿ ಇದಕ್ಕೇ. ಮೊದಲು ಖಾಲಿಯಾಗುವುದೂ ಇದೇ.

ಪಡ್ಡಿನ ಕಾವಲಿಯಲ್ಲಿ ಸಾಲಾಗಿ ಕೂತ ನಿಂಬೆ ಬಟ್ಟಲು ನೋಡಿ ಓನರ್ ಆಂಟಿ, "ಏನಮ್ಮಾ, ಬನಶಂಕರಿ ಅಮ್ಮನ ಗುಡೀಲಿ ರಾಹುಕಾಲದ ದೀಪ ಹಚ್ಚಿದ ಹಾಗಿದೆಯಲ್ಲ" ಅಂದರು. ದೀಪಕ್ಕೆ ಸಿಪ್ಪೆಯನ್ನು ಮಗುಚುತ್ತಾರೆ ಆಂಟಿ, ನಾನು ಮಗುಚಿಲ್ಲ ಅಂದೆ. ಒಂದು ತಿಂದು, ಮೆಣಸು ಇನ್ನೊಂಚೂರು ಬೇಕಿತ್ತು ಅಂತ ತೀರ್ಪು ಕೊಟ್ಟು, ಮೊಮ್ಮಗಳಿಗೆ ಅಂತ ನಾಲ್ಕು ಎತ್ತಿಕೊಂಡು ಹೋದರು.

ಮುಂದಿನ ವರ್ಷಕ್ಕೆ ಮೈದುನನಿಗೆ ಅನಾನಸ್ ಬೇಕಂತೆ. ಜೆಲಾಟಿನ್ ಆಗಿದ್ದರೆ ಖಂಡಿತ ಆಗಲ್ಲ ಅನ್ನುತ್ತಿದ್ದೆ. ಹಸಿ ಅನಾನಸ್‌ನಲ್ಲಿರುವ ಬ್ರೋಮೆಲಿನ್ ಅನ್ನೋ ಕಿಣ್ವ ಜೆಲಾಟಿನ್‌ನ ಪ್ರೋಟೀನನ್ನು ಕತ್ತರಿಸಿ ಹಾಕುತ್ತದೆ, ರಾತ್ರಿಯಿಡೀ ಇಟ್ಟರೂ ನೀರು ನೀರೇ. ಪಪ್ಪಾಯಿ, ಕಿವಿ ಹಣ್ಣಿನದೂ ಇದೇ ಕಥೆ. ಚೀನಾ ಗ್ರಾಸ್ ಪ್ರೋಟೀನೇ ಅಲ್ಲ, ಹಾಗಾಗಿ ಅದಕ್ಕೆ ಈ ಭಯ ಇಲ್ಲ. ಆಗಲಿ ಅಂದಿದ್ದೀನಿ. ಅನಾನಸ್ ಸಿಪ್ಪೆ ತೆಗೆದು ಕಣ್ಣು ಬಿಡಿಸುವ ಕೆಲಸ ಮಾತ್ರ ಹುಟ್ಟುಹಬ್ಬದವನದೇ.